ಮಡಿಕೇರಿ ಟ್ರಿಪ್ಪಿಗೆ ದಿನಸಿ ಬೆಂಗಳೂರಿಂದಲೇ ಒಯ್ಯಬೇಕಾ, ಅಲ್ಲಿಗೆ ಹೋದಮೇಲೆ ತಗೋಬೇಕಾ?

ನೀವು ಹೇಳಿದ ಪ್ರಕಾರ ಆರು ಜನ, ಒಂದೇ ಕಾರು, ಮೂರು ರಾತ್ರಿ, ಮಡಿಕೇರಿ ಹತ್ತಿರ ಎಸ್ಟೇಟ್ ಒಳಗಿನ ಮನೆ, ಅಡುಗೆ ನಿಮ್ಮದೇ. ನನ್ನ ಉತ್ತರ: ಒಣ ಸಾಮಾನು ಮನೆಯಿಂದ ಅಳೆದು ಕಟ್ಟಿ, ಹಸಿ ಸಾಮಾನು ಕುಶಾಲನಗರದಲ್ಲಿ ತಗೊಳ್ಳಿ. ಮನೆ ಮುಟ್ಟಿದ ಮೇಲೆ ಅಂಗಡಿ ಹುಡುಕುವ ಕೆಲಸ ಇಟ್ಟುಕೊಳ್ಳಲೇಬೇಡಿ.

ರೇಟು ಎಲ್ಲಿ ಕಡಿಮೆ ಅನ್ನೋದರ ಮೇಲೆ ಇದನ್ನ ತೀರ್ಮಾನಿಸಬೇಡಿ. ಮೂರು ದಿನದ ಸಾಮಾನಿನಲ್ಲಿ ಉಳಿಯೋದು ಒಂದು ಊಟದ ದುಡ್ಡೂ ಅಲ್ಲ. ಕೈಕೊಡೋದು ಮೊದಲನೇ ರಾತ್ರಿ. ಬೈಲಕುಪ್ಪೆ, ದುಬಾರೆ ಅಂತ ಇಳಿದು ಹತ್ತಿದರೆ ಎಸ್ಟೇಟ್ ಗೇಟು ತಲುಪುವಾಗ ಕತ್ತಲಾಗಿರುತ್ತೆ. ಮಳೆಗಾಲವಾದರೆ ಸಣ್ಣ ಊರಿನ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ, ಕರೆಂಟೂ ಹೋಗಿರಬಹುದು. ಅದಕ್ಕೇ ಆ ರಾತ್ರಿಯ ಅಡುಗೆ ಒಂದು ಬೇರೆ ಚೀಲದಲ್ಲಿರಲಿ, ಅದು ಮಿಕ್ಸಿಯನ್ನೂ ಫ್ರಿಜ್ಜನ್ನೂ ಕೇಳಬಾರದು. ಖಾರ ಪೊಂಗಲ್ ಇದಕ್ಕೆ ಹೇಳಿ ಮಾಡಿಸಿದ್ದು: ಅಕ್ಕಿ 300 ಗ್ರಾಂ, ಹುರಿದ ಹೆಸರುಬೇಳೆ 150 ಗ್ರಾಂ, ಮೆಣಸು, ಜೀರಿಗೆ, ಶುಂಠಿ, ತುಪ್ಪ, ಉಪ್ಪು, ಜೊತೆಗೆ ಉಪ್ಪಿನಕಾಯಿ, ಹಪ್ಪಳ. ನೀರು ಒಂದಕ್ಕೆ ನಾಲ್ಕು. 5 ಲೀಟರ್ ಕುಕ್ಕರಿಗೆ ಇದಕ್ಕಿಂತ ಹೆಚ್ಚು ಹಾಕಬೇಡಿ. ಮೂರರಲ್ಲಿ ಎರಡು ಭಾಗ ದಾಟಿದರೆ ಬೇಳೆಯ ನೊರೆ ಸೀಟಿಯ ತೂತಿಗೆ ಸಿಕ್ಕಿಕೊಂಡು ಸ್ಟವ್ ತುಂಬಾ ಗಂಜಿಯಾಗುತ್ತೆ. ತೆಳ್ಳಗೆ ಬೇಕಿದ್ದರೆ ಮುಚ್ಚಳ ತೆಗೆದ ಮೇಲೆ ಬಿಸಿನೀರು ಬೆರೆಸಿ. ಅಂದಹಾಗೆ ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸೋಕೆ ಹೋಗಬೇಡಿ. ಕುಕ್ಕರಿಗೂ ಒಂದು ಸೀಟಿ ಜಾಸ್ತಿ ಬಿಡಿ.

ಉಳಿದ ಒಣ ಸಾಮಾನಿಗೆ ಲೆಕ್ಕ ಹೀಗೆ. ಅನ್ನಕ್ಕೆ ತಲೆಗೆ, ಒಂದು ಹೊತ್ತಿಗೆ 80 ಗ್ರಾಂ ಅಕ್ಕಿ. ನಾಲ್ಕು ಹೊತ್ತಿಗೆ 2 ಕಿಲೋ ಸಾಕು. ಬೇಳೆ ತಲೆಗೆ 25 ಗ್ರಾಂ, ಅಂದರೆ ಮುಕ್ಕಾಲು ಕಿಲೋ ಒಯ್ದರೆ ಉಳಿಯುತ್ತೆ. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ 350 ಗ್ರಾಂ, ಮನೆಯಲ್ಲೇ ಹುರಿದು ತನ್ನಿ. ಎಣ್ಣೆ ಒಂದು ಲೀಟರ್, ಸಕ್ಕರೆ ಅರ್ಧ ಕಿಲೋ, ಸಾರಿನ ಪುಡಿ, ಹುಳಿಪುಡಿ ನೂರು ನೂರು ಗ್ರಾಂ. ಸೋಪು, ಪಾತ್ರೆ ತೊಳೆಯೋ ಪುಡಿ ಇದೇ ಚೀಲಕ್ಕೆ ಬೇಡವೇ ಬೇಡ. ಬಿಸಿ ಡಿಕ್ಕಿಯಲ್ಲಿ ಆ ವಾಸನೆ ಅಕ್ಕಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗಲ್ಲ.

ದೋಸೆ ಹಿಟ್ಟನ್ನು ಹಲವರು ಚೆಲ್ಲುತ್ತೆ ಅಂತ ಬಿಟ್ಟು ಹೋಗ್ತಾರೆ. ನನ್ನ ಪ್ರಕಾರ ಒಯ್ಯಬೇಕು, ಆದರೆ ಹುದುಗಿದ ಹಿಟ್ಟನ್ನಲ್ಲ. ಚಳಿಗಾಲದ ಮಡಿಕೇರಿಯಲ್ಲಿ ರಾತ್ರಿಯಿಡೀ ಇಟ್ಟರೂ ಹಿಟ್ಟು ಏಳೋದು ಕಷ್ಟ. ಹಿಂದಿನ ರಾತ್ರಿ ರುಬ್ಬಿ ಫ್ರಿಜ್ಜಿನಲ್ಲಿಟ್ಟು, ಹೊರಡುವಾಗ ದೊಡ್ಡ ಸ್ಟೀಲ್ ಡಬ್ಬಿಗೆ ಅರ್ಧ ಮಾತ್ರ ತುಂಬಿ. ಕಾರಿನ ಸೆಕೆಗೆ ದಾರಿಯಲ್ಲೇ ಹುದುಗು ಬರುತ್ತೆ. ಮುಚ್ಚಳ ಬಿಗಿಯಬೇಡಿ, ಡಬ್ಬಿಯನ್ನು ಬಕೆಟ್‌ನಲ್ಲಿಟ್ಟು ಸುತ್ತ ಟವೆಲ್ ತುರುಕಿ. ತೆಂಗಿನಕಾಯಿ ತುರಿದು ಕವರಿನಲ್ಲಿ ಚಪ್ಪಟೆಯಾಗಿ ಒತ್ತಿ ಫ್ರೀಜ್ ಮಾಡಿದರೆ ಐಸ್ ಬಾಕ್ಸಿಗೆ ಅದೇ ಐಸು. ಒಡೆದ ಹೋಳನ್ನು ಹಾಗೇ ಒಯ್ದರೆ ಸಂಜೆಗೆ ಜಿಗುಟು.

‘ದಾರಿಯಲ್ಲಿ ಮಂಡ್ಯದಲ್ಲೋ ಮದ್ದೂರಲ್ಲೋ ತರಕಾರಿ ತಗೊಳ್ಳೋಣ’ ಅನ್ನೋ ಹಳೇ ಅಭ್ಯಾಸ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ನಡೆಯಲ್ಲ, ಎರಡೂ ಊರು ಬೈಪಾಸ್. ಮೈಸೂರಿನೊಳಗೆ ಹೋದರೆ ಟ್ರಾಫಿಕ್ಕಿಗೆ ಒಂದು ಗಂಟೆ ತೆರಬೇಕಾಗಬಹುದು. ಹುಣಸೂರು, ಪಿರಿಯಾಪಟ್ಟಣದಲ್ಲೂ ಸಿಗುತ್ತೆ, ಆದರೆ ಕಾವೇರಿ ಸೇತುವೆ ದಾಟಿದ ಕೂಡಲೇ ಸಿಗೋ ಕುಶಾಲನಗರವೇ ಸರಿಯಾದ ಜಾಗ. ಅಲ್ಲಿಂದ ಮಡಿಕೇರಿ ಸುಮಾರು 30 ಕಿಲೋಮೀಟರ್, ಅಂದರೆ ಹಾಲು, ಸೊಪ್ಪು ಕಾರಿನಲ್ಲಿರೋದು ಒಂದು ಗಂಟೆ ಅಷ್ಟೆ. ಮಂಗಳವಾರವಾದರೆ ಅಲ್ಲಿ ಸಂತೆ: ತರಕಾರಿ ತಾಜಾ ಇರುತ್ತೆ, ಪಾರ್ಕಿಂಗ್ ಸಿಗಲ್ಲ.

ಹಾಲಿಗೆ ದಿನಕ್ಕೆ ಒಂದೂವರೆ ಲೀಟರ್ ಹಿಡಿಯಿರಿ. ಮೊದಲ ದಿನಕ್ಕೆ ಮಾಮೂಲಿ ಪ್ಯಾಕೆಟ್, ಉಳಿದ ದಿನಗಳಿಗೆ ನಂದಿನಿ ಗುಡ್‌ಲೈಫ್. ಪ್ಯಾಕೆಟ್ ಕತ್ತರಿಸೋವರೆಗೆ ಅದಕ್ಕೆ ಫ್ರಿಜ್ಜು ಬೇಡ. ಪ್ಯಾಕೆಟ್‌ಗಳನ್ನು ಪಾತ್ರೆಯೊಳಗೆ ನಿಲ್ಲಿಸಿ, ಸುಂಟಿಕೊಪ್ಪದ ತಿರುವುಗಳಲ್ಲಿ ಒಂದಾದರೂ ಸೋರುತ್ತೆ. ಟೊಮೆಟೊ ಎಲ್ಲದರ ಮೇಲಿರಲಿ, ಸ್ವಲ್ಪ ಗಟ್ಟಿಯಿರೋದನ್ನೇ ಆರಿಸಿ. ಕೊತ್ತಂಬರಿ, ಕರಿಬೇವು ತೊಳೆಯದೆ ಪೇಪರಿನಲ್ಲಿ ಸುತ್ತಿ. ಕಾಫಿಪುಡಿಯನ್ನು ಬೆಂಗಳೂರಿಂದ ಹೊರೋದು ಕೊಡಗಿಗೆ ಮಾಡೋ ಅವಮಾನ, ಹೊಸದಾಗಿ ಹುರಿದು ಬೀಸಿದ್ದೇ ಅಲ್ಲಿ ಸಿಗುತ್ತೆ. ಫಿಲ್ಟರಿಗೆ ಅಂತ ಹೇಳಿ, ಚಿಕೋರಿ ಎಷ್ಟು ಬೇಕು ಅನ್ನೋದನ್ನೂ ಹೇಳಿ. ಆರು ಜನಕ್ಕೆ ಕಾಲು ಕಿಲೋ. ಫಿಲ್ಟರ್ ಮಾತ್ರ ಮನೆಯಿಂದ ಬರಲಿ.

ಕೋಳಿ, ಹಂದಿ ಮಾಂಸ ಮೊದಲ ದಿನವೇ ಬೇಡ. ಎರಡನೇ ದಿನ ಬೆಳಿಗ್ಗೆ ಮಡಿಕೇರಿಯಲ್ಲಿ ತಂದು ಮಧ್ಯಾಹ್ನಕ್ಕೇ ಮಾಡಿ. ಪಂದಿ ಕರಿಗೆ (ಕೊಡಗಿನ ಹಂದಿ ಸಾರು) ಕಾಚಂಪುಳಿಯ, ಅಂದರೆ ಅಲ್ಲಿನ ಕಪ್ಪು ಗಟ್ಟಿ ಹುಳಿರಸದ, ಸಣ್ಣ ಬಾಟಲಿ ಸಾಕು: ಒಂದು ಕಿಲೋ ಮಾಂಸಕ್ಕೆ ಒಂದು ಟೇಬಲ್ ಚಮಚದಿಂದ ಶುರು ಮಾಡಿ, ಕೊನೆಯಲ್ಲಿ ರುಚಿ ನೋಡಿ ಸೇರಿಸಿ. ಹುಣಸೆಹಣ್ಣಿನ ಅಂದಾಜಲ್ಲಿ ಸುರಿದರೆ ಬಾಯಿಗಿಡೋಕಾಗಲ್ಲ.

ಇಷ್ಟೆಲ್ಲ ಕಟ್ಟುವ ಮೊದಲು ಎಸ್ಟೇಟ್ ಮನೆಯ ಮಾಲೀಕರಿಗೆ ಒಂದು ಫೋನ್ ಮಾಡಿ. ‘ಕಿಚನ್ ಇದೆಯಾ’ ಅಂತ ಕೇಳಿದರೆ ‘ಇದೆ’ ಅಂತಾರೆ, ಹೋಗಿ ನೋಡಿದರೆ ಒಂದು ಇಂಡಕ್ಷನ್ ಸ್ಟವ್ವು, ಟೀ ಪಾತ್ರೆ ಇರಬಹುದು. ಸಿಲಿಂಡರ್ ಇದೆಯಾ, ಕುಕ್ಕರ್ ಎಷ್ಟು ಲೀಟರಿನದು, ಗ್ಯಾಸ್ಕೆಟ್ ಸರಿಯಿದೆಯಾ, ಕರೆಂಟ್ ಹೋದರೆ ಫ್ರಿಜ್ ಯುಪಿಎಸ್ ಮೇಲೆ ಓಡುತ್ತಾ ಅಂತ ಬಿಡಿಸಿ ಕೇಳಿ. ಇಂಡಕ್ಷನ್ ಮಾತ್ರ ಅಂದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಒಯ್ದು ಪ್ರಯೋಜನವಿಲ್ಲ, ಇಂಡಕ್ಷನ್ ತಳದ್ದೇ ಬೇಕು.