ತಂಬಿಗೆಯ ತಳ ನೋಡಿದಿರಾ?

(ಬಾಗಲಕೋಟೆ ನವನಗರದ ಓದುಗರೊಬ್ಬರು ಮಗಳ ಮನೆಗೆಂದು ಲಂಡನ್ನಿಗೆ ಹೋದವರು ಚರ್ಚ್ ಸ್ಟ್ರೀಟ್‌ನ ಆಲ್ಫೀಸ್ ಆಂಟಿಕ್ ಮಾರ್ಕೆಟ್ ಎಂಬ ಹಳೆಯ ವಸ್ತುಗಳ ಮಾರುಕಟ್ಟೆ ಸುತ್ತಿ ಬಂದಿದ್ದಾರೆ. ಅಲ್ಲಿ ನಮ್ಮ ಕಡೆಯದೇ ಅನ್ನಿಸುವ ಹಿತ್ತಾಳೆ ತಂಬಿಗೆಯೊಂದು ಕಂಡಿತಂತೆ. ‘ಮತ್ತೆ ಹೋಗುವವಳಿದ್ದೇನೆ. ಅದು ಹಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಮನೆಯಲ್ಲಿರುವ ನಮ್ಮ ಅಜ್ಜಿಯ ತಂಬಿಗೆಯನ್ನು ಮಗಳಿಗೆ ಒಯ್ಯಬಹುದೇ?’ ಎಂದು ಕೇಳಿದ್ದಾರೆ.)

ಅಕ್ಕನವರೇ,

ನಿಮ್ಮ ಪತ್ರ ಓದಿದವನೇ ನಮ್ಮ ಮನೆಯ ತಂಬಿಗೆಯನ್ನು ಬೋರಲು ಹಾಕಿ ನೋಡಿದೆ. ನೀವೂ ಅಂಗಡಿಯವರನ್ನು ‘ಎಷ್ಟು ವರ್ಷದ್ದು?’ ಎಂದು ಕೇಳುವ ಮೊದಲು ತಳ ನೋಡಿ. ನಿತ್ಯ ಬಳಸಿದ ಪಾತ್ರೆಯ ತಳದ ಅಂಚು ಸವೆದಿರುತ್ತದೆ, ಅದೂ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಬೆರಳು ಹಿಡಿಯುವ ಕಂಠದಲ್ಲಿ ನುಣುಪು, ಬಾಯಿಯ ಒಳಮಡಿಕೆಯಲ್ಲಿ ಕಪ್ಪು. ತಗಡು ಬಡಿದು ಮಾಡಿದ ಹಳೆಯ ಪಾತ್ರೆಯಾದರೆ ಬೆಸುಗೆಯ ಗೆರೆ ಗರಗಸದ ಹಲ್ಲಿನಂತೆ ಕಾಣುವುದುಂಟು. ಮೈತುಂಬ ಒಂದೇ ಸಮನೆ ಹಸಿರು ಕಿಲುಬು ಹಿಡಿದದ್ದು ಕಂಡರೆ ಅನುಮಾನಪಡಿ. ತಾನಾಗಿ ಬಂದ ಕಿಲುಬು ಸಂದುಗೊಂದು ಹುಡುಕಿಕೊಂಡು ಕೂರುತ್ತದೆ.

ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹಾಕಿಸಿದ ಹೆಸರಿದ್ದರಂತೂ ನಿಮ್ಮ ಪುಣ್ಯ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ನಮ್ಮ ತಂಬಿಗೆಯಲ್ಲಿ ಉಳಿದಿರುವುದು ಕೊನೆಯ ‘ವ್ವ’ ಒಂದೇ. ಅದು ಗಂಗವ್ವನದೋ ನೀಲವ್ವನದೋ ಎಂಬ ಜಗಳ ನಮ್ಮಲ್ಲಿ ಇನ್ನೂ ಹರಿದಿಲ್ಲ.

ಇನ್ನು ಆ ಮಾರುಕಟ್ಟೆ ಸುತ್ತಿ ‘ಒಂದು ತಾಸಿಗೇ ತಲೆ ತಿರುಗಿತು’ ಎಂದಿದ್ದೀರಿ. ತಿರುಗದೆ ಏನು? ಹಿಂದೆ ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಕಟ್ಟಡ ಅದು, ಮಹಡಿ ಮಹಡಿಗೂ ಬೇರೆ ಬೇರೆ ವ್ಯಾಪಾರಿಗಳು. ಮೊದಲ ಸುತ್ತಿಗೆ ಪರ್ಸನ್ನು ಮಗಳ ಕೈಗೆ ಕೊಟ್ಟುಬಿಡಿ. ರವಿವಾರ, ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.

ಆ ಮಾರುಕಟ್ಟೆ ಶುರುವಾದದ್ದು 1976ರಲ್ಲಿ. ತಮಾಷೆಯೆಂದರೆ, ನಮ್ಮ 1972ರ ಪುರಾವಸ್ತು ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ. ಅದರ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುವನ್ನು ನಾವು ನೀವು ದೇಶದಾಚೆ ಒಯ್ಯುವಂತಿಲ್ಲ. ಅಜ್ಜಿಯ ತಂಬಿಗೆಯ ವಯಸ್ಸು ಖಚಿತವಿಲ್ಲದಿದ್ದರೆ, ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯದೆ ಸೂಟ್‌ಕೇಸಿಗೆ ಹಾಕಬೇಡಿ. ಮಗಳೇ ಊರಿಗೆ ಬಂದು ಅದರಲ್ಲಿ ನೀರು ಕುಡಿಯಲಿ.

ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆ ಮುಳುಗಡೆಯಾದಾಗ ತೊಲೆ, ಕಂಬ, ಕೆತ್ತನೆಯ ಚೌಕಟ್ಟುಗಳು ಟ್ರ್ಯಾಕ್ಟರ್ ಏರಿ ಹೋದದ್ದನ್ನು ನೀವೂ ನೋಡಿರುತ್ತೀರಿ. ನಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಗುಜರಿಯವನು ತೂಕಕ್ಕೆ ಕೊಂಡ. ಆ ದುಡ್ಡಿಗೆ ಮನೆಗೆ ಬಂದದ್ದು ಎರಡು ಸ್ಟೀಲ್ ಡಬ್ಬಿ. ಹಂಡೆಯ ಕಂಠದ ಮೇಲೆ ಯಾರ ಹೆಸರಿತ್ತೋ, ಆಗ ಯಾರೂ ಓದಲಿಲ್ಲ.

ಲಂಡನ್ನಿನ ತಂಬಿಗೆಯನ್ನು ಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಹೆಸರಿದ್ದರೆ ಮಾತ್ರ ಬರೆದುಕೊಂಡು ಬಂದು ನಮಗೊಂದು ಕಾರ್ಡು ಹಾಕಿ.

– ಸಂ.