ಅತ್ತೆ ಲಂಗರ್‌ನಲ್ಲಿ ಊಟ ಮಾಡ್ತಾರಾ?

ಪ್ರಶ್ನೆ: ಮೇಡಂ, ರಜೆಗೆ ಮನೆಯವ್ರೆಲ್ಲ ಬೀದರ್‌ಗೆ ಹೊರಟಿದೀವಿ, ಕೋಟೆ ನೋಡ್ಕೊಂಡು ಅಲ್ಲಿನ ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾಕ್ಕೂ ಹೋಗಿಬರೋಣ ಅಂತ. ನಾವ್ಯಾರೂ ಇದುವರೆಗೆ ಗುರುದ್ವಾರದೊಳಗೆ ಕಾಲಿಟ್ಟೋರಲ್ಲ. ಅತ್ತೆಗೆ 72, ಮಂಡಿನೋವು, ಶುಗರ್, ಅದರ ಮೇಲೆ ಹೊರಗಡೆ ಊಟ ಅಂದ್ರೆ ಮೂಗು ಮುರೀತಾರೆ. ನಮ್ಮಂಥೋರನ್ನ ಒಳಗೆ ಬಿಡ್ತಾರಾ, ಅಲ್ಲಿ ಎಲ್ರಿಗೂ ಬಡಿಸೋ ಲಂಗರ್ ಊಟಕ್ಕೆ ಚೀಟಿ ತಗೋಬೇಕಾ, ಏನೇನು ನೇಮ ಇದೆ ಸ್ವಲ್ಪ ಹೇಳಿ.
– ಒಬ್ಬ ಸೊಸೆ

ಉತ್ತರ: ಧಾರಾಳವಾಗಿ ಹೋಗಿ, ಯಾವ ಜಾತಿ ಯಾವ ಧರ್ಮ ಅಂತ ಬಾಗಿಲಲ್ಲಿ ಯಾರೂ ಕೇಳಲ್ಲ. ಚಪ್ಪಲಿ ಬಿಟ್ಟು, ಕೈಕಾಲು ತೊಳ್ಕೊಂಡು, ತಲೆ ಮುಚ್ಕೊಂಡು ಹೋಗ್ಬೇಕು ಅಷ್ಟೇ. ನಿಮಗೂ ಅತ್ತೆಗೂ ಸೆರಗು ಸಾಕು, ಗಂಡಸರಿಗೆ ಮಕ್ಕಳಿಗೆ ದೊಡ್ಡ ಕರ್ಚೀಫ್ ಇಟ್ಕೊಳ್ಳಿ, ಕ್ರಿಕೆಟ್ ಕ್ಯಾಪ್ ಬೇಡ. ಇನ್ನೊಂದು ವಿಷ್ಯ, ಅತ್ತೆಯ ಎಲೆಅಡಿಕೆ ಚೀಲದಲ್ಲಿ ಹೊಗೆಸೊಪ್ಪು ಇದ್ರೆ ರೂಮಲ್ಲೇ ಬಿಟ್ಟು ಬರೋಕೆ ಹೇಳಿ, ನಿಮ್ಮೆಜಮಾನ್ರ ಜೇಬಲ್ಲಿ ಸಿಗರೇಟ್ ಇದ್ರೂ ಅಷ್ಟೇ. ಸಿಖ್ಖರಿಗೆ ತಂಬಾಕು ಪೂರ್ತಿ ನಿಷಿದ್ಧ.

ಒಳಗೆ ಹೋದ್ಮೇಲೆ "ದೇವರೆಲ್ಲಿ" ಅಂತ ಮಕ್ಕಳು ಕೇಳೇ ಕೇಳ್ತಾರೆ. ವಿಗ್ರಹ ಇರಲ್ಲ, ಅರ್ಚನೆ ಮಂಗಳಾರತಿ ತಟ್ಟೆ ಇರಲ್ಲ. ಪೀಠದ ಮೇಲಿರೋ ಸಿಖ್ಖರ ಪವಿತ್ರ ಗ್ರಂಥ, ಗುರು ಗ್ರಂಥ ಸಾಹಿಬ್‌ಗೇ ನಮಸ್ಕಾರ, ಯಾಕಂದ್ರೆ 1708ರಲ್ಲಿ ನಾಂದೇಡ್‌ನಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗ್ ಅವರು ಇನ್ಮುಂದೆ ಗ್ರಂಥವೇ ಗುರು ಅಂದ್ಬಿಟ್ರು. ಅದಕ್ಕೇ ಅದರ ಎದುರು ಎಲ್ರೂ ನೆಲದ ಮೇಲೆ ಕೂರೋದು. ಅತ್ತೆಗೆ ಆಗಲ್ಲ ಅಂದ್ರೆ ಅಲ್ಲಿನ ಸೇವಾದಾರರಿಗೆ ಹೇಳಿ, ಎಲ್ಲಿ ಕೂರಬಹುದು ಅಂತ ತೋರಿಸ್ತಾರೆ. ಕಡಾ ಪ್ರಸಾದ ಅಂದ್ರೆ ಗೋಧಿಹಿಟ್ಟು ತುಪ್ಪ ಸಕ್ಕರೆ ಸಮಸಮ ಹಾಕಿ ಮಾಡಿರೋ ಹಲ್ವಾ, ಎರಡೂ ಕೈ ಬೊಗಸೆ ಮಾಡಿ ತಗೋಬೇಕು, ಬಿಸಿಬಿಸಿ ಇರುತ್ತೆ, ಅಂಗೈಯೆಲ್ಲ ತುಪ್ಪ ಆಗುತ್ತೆ. ಶುಗರ್ ಇರೋರು ಬೇಡ ಅನ್ನೋದಕ್ಕಿಂತ "ಥೋಡಾ" ಅನ್ನಲಿ, ಚೂರೇ ಕೊಡ್ತಾರೆ.

ಝೀರಾ ಅನ್ನೋದು ಝರಿ. ಸಿಖ್ಖರ ಮೊದಲ ಗುರು ನಾನಕರು ತಮ್ಮ ಸಂಗಾತಿ ಮರ್ದಾನಾ ಜೊತೆ ದಕ್ಷಿಣಕ್ಕೆ ಬಂದಾಗ ಇಲ್ಲಿ ಕುಡಿಯೋ ನೀರಿಗೆ ಬರ, ಅವರು ಕಾಲಲ್ಲಿ ಕಲ್ಲು ಸರಿಸಿದ್ರು, ಸಿಹಿನೀರು ಚಿಮ್ಮಿತು ಅಂತ ನಂಬಿಕೆ. ಜಂಬಿಟ್ಟಿಗೆ ಕಲ್ಲಿನಿಂದ ಬರೋ ಆ ನೀರನ್ನ ಜನ ಈಗ್ಲೂ ಬಾಟಲಿಗೆ ತುಂಬ್ಕೊಂಡು ಹೋಗ್ತಾರೆ, ಅತ್ತೆ ತೀರ್ಥ ಅಂತ ಖುಷಿಯಾಗಿ ತಗೋತಾರೆ ನೋಡಿ. ಬೀದರ್‌ಗೆ ಇನ್ನೂ ಒಂದು ನಂಟಿದೆ. 1699ರ ಬೈಸಾಖಿ ದಿನ ಪಂಜಾಬಿನ ಆನಂದಪುರದಲ್ಲಿ ಗುರು ಗೋವಿಂದ ಸಿಂಗ್ ಕೇಳಿದಾಗ ತಲೆ ಕೊಡೋಕೆ ಎದ್ದು ನಿಂತ ಐವರು, ಪಂಜ್ ಪ್ಯಾರೇ ಅಂತಾರಲ್ಲ, ಅದರಲ್ಲಿ ಒಬ್ಬರು ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರ್‌ನೋರು, ಕ್ಷೌರಿಕರ ಮನೆತನ. ಇಷ್ಟು ದೊಡ್ಡ ಸಂಗತಿ ನಾವು ಶಾಲೇಲಿ ಓದೇ ಇಲ್ಲ, ನನಗಂತೂ ಬೇಜಾರಿದೆ.

ಈಗ ಊಟದ ವಿಷ್ಯ. ಚೀಟಿ ಇಲ್ಲ, ದುಡ್ಡಿಲ್ಲ, ಮಾಂಸ ಇಲ್ಲ. ರೊಟ್ಟಿ, ದಾಲ್, ಪಲ್ಯ ಇರುತ್ತೆ, ಈರುಳ್ಳಿ ಬೆಳ್ಳುಳ್ಳಿ ಹಾಕಿರಬಹುದು, ಅತ್ತೆಗೆ ಮೊದಲೇ ಹೇಳಿಡಿ. ಅವರು ಪಂಗತ್ ಅನ್ನೋದು ನಮ್ಮ ಪಂಕ್ತಿನೇ, ಆದ್ರೆ ಪಂಕ್ತಿಭೇದ ಇಲ್ಲ, ಪಕ್ಕದಲ್ಲಿ ಯಾರು ಕೂತಿದಾರೆ ಅಂತ ನೋಡೋ ಹಾಗಿಲ್ಲ. ಅಕ್ಬರ್ ಬಾದಶಹನೂ ಸಿಖ್ಖರ ಮೂರನೇ ಗುರು ಅಮರದಾಸರನ್ನ ನೋಡೋಕೆ ಹೋದಾಗ ಮೊದಲು ಪಂಗತ್‌ನಲ್ಲಿ ಕೂತು ಉಂಡ ಅಂತ ಅವರಲ್ಲಿ ಕಥೆ ಇದೆ. ಬಸವಕಲ್ಯಾಣ ಇರೋ ಜಿಲ್ಲೆ ಅದು, ದಾಸೋಹ ಅಂದ್ರೆ ಅತ್ತೆಗೆ ತಕ್ಷಣ ಅರ್ಥ ಆಗುತ್ತೆ, ಹಾಗೇ ಹೇಳಿ ಕೂರಿಸಿ. ರೊಟ್ಟಿಗೆ ಎರಡೂ ಕೈ ಚಾಚಬೇಕು, ನಾನು ಮೊದಲ ಸಲ ಒಂದೇ ಕೈ ಚಾಚಿದ್ದೆ, ಬಡಿಸೋ ಹುಡುಗ ರೊಟ್ಟಿ ಹಿಡ್ಕೊಂಡು ನಗ್ತಾ ನಿಂತೇ ಇದ್ದ, ಪಕ್ಕದ ಅಜ್ಜಿ ನನ್ನ ಇನ್ನೊಂದು ಕೈ ಎತ್ತಿ ಜೋಡಿಸಿದ್ರು! ಎಷ್ಟು ಸಲ ಬೇಕಾದ್ರೂ ಬಡಿಸ್ತಾರೆ, ತಟ್ಟೇಲಿ ಮಾತ್ರ ಬಿಡಬೇಡಿ. ಮಕ್ಕಳಿಗೆ ತಟ್ಟೆ ತೊಳೆಯೋ ಕಡೆ ಸೇವೆ ಮಾಡ್ತೀವಿ ಅಂತ ಕೇಳೋಕೆ ಹೇಳಿ. ಮನೇಲಿ ಲೋಟ ಎತ್ತಿಡದ ಮಕ್ಕಳೂ ಅಲ್ಲಿ ನೀರಾಟ ಅಂತ ನಿಂತ್ಕೋತಾರೆ, ಬದಲಿ ಬಟ್ಟೆ ಒಂದು ಜೊತೆ ಇರಲಿ.

ಬೇಸಿಗೆ ಆದ್ರೆ ಬೆಳಿಗ್ಗೆನೇ ಗುರುದ್ವಾರ ಮುಗಿಸಿ, ಮಧ್ಯಾಹ್ನ ಬರಿಗಾಲಲ್ಲಿ ಅಂಗಳ ದಾಟೋದು ಅತ್ತೆಗೆ ಕಷ್ಟ.