ಪೈಪ್ ಹೋದರೆ ಪರಿಹಾರ ಸಿಗುತ್ತೆ, ಪಾಲು ಸಿಗೋದು ಹೇಗೆ?

ಪ್ರಶ್ನೆ: ನಮ್ಮ ಹೊಲದಡಿ ಗ್ಯಾಸ್ ಪೈಪ್ ಹೋಗಿದೆ. ಒಂದು ಸಲ ಪರಿಹಾರ ಕೊಟ್ಟರು, ಮುಗೀತು. ಕೆನಡಾದಲ್ಲಿರುವ ಮಗಳು ಹೇಳುತ್ತಾಳೆ, ಅಲ್ಲಿನ ಮೂಲನಿವಾಸಿಗಳು ಗ್ಯಾಸ್ ಸ್ಥಾವರಕ್ಕೇ ಮಾಲೀಕರಂತೆ. ಅಷ್ಟು ದುಡ್ಡು ಅವರಿಗೆ ಎಲ್ಲಿಂದ ಬಂತು? ಸರ್ಕಾರ ಸುಮ್ನೆ ಕೊಟ್ಟಿತಾ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಸುಮ್ನೆ ಯಾರೂ ಕೊಟ್ಟಿಲ್ಲ. ಹೆಚ್ಚಿನದು ಸಾಲದ ದುಡ್ಡೇ.

ನಿಮ್ಮ ಮಗಳು ಹೇಳಿದ್ದು ಬಹುಶಃ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸೀಡರ್ ಎಲ್‌ಎನ್‌ಜಿ ಬಗ್ಗೆ ಇರಬೇಕು. ಕಿಟಿಮ್ಯಾಟ್ ಹತ್ತಿರ ಗ್ಯಾಸನ್ನು ದ್ರವ (ಎಲ್‌ಎನ್‌ಜಿ) ಮಾಡುವ, ಸಮುದ್ರದ ಮೇಲೆ ತೇಲುವ ಸ್ಥಾವರ ಅದು. ಹೈಸ್ಲಾ ಎಂಬ ಮೂಲನಿವಾಸಿ ಸಮುದಾಯದ ಪಾಲು ಶೇ 50.1, ಪೆಂಬಿನಾ ಎಂಬ ಪೈಪ್‌ಲೈನ್ ಕಂಪನಿಯದು ಶೇ 49.9. 2024ರ ಜೂನ್‌ನಲ್ಲಿ ಹೂಡಿಕೆಯ ಅಂತಿಮ ತೀರ್ಮಾನವಾಯಿತು. ವೆಚ್ಚ ಸುಮಾರು 400 ಕೋಟಿ ಅಮೆರಿಕನ್ ಡಾಲರ್. 2028ರ ಕೊನೆಗೆ ಸ್ಥಾವರ ಓಡಲು ಶುರುವಾಗಬೇಕು.

ಸಾಲ ಎತ್ತುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ಅಲ್ಲಿನ ಇಂಡಿಯನ್ ಆಕ್ಟ್‌ನ (ಇಲ್ಲಿ ಇಂಡಿಯನ್ ಎಂದರೆ ಮೂಲನಿವಾಸಿ) 89ನೇ ಕಲಂ ಪ್ರಕಾರ, ಅವರಿಗೆಂದೇ ಮೀಸಲಿಟ್ಟ ನೆಲದಲ್ಲಿರುವ ಅವರ ಆಸ್ತಿಯನ್ನು ಹೊರಗಿನವರು ಜಪ್ತಿ ಮಾಡುವಂತಿಲ್ಲ. ನೆಲ ಕೈತಪ್ಪದಿರಲಿ ಎಂದು ಮಾಡಿದ ನಿಯಮವೇ ಸಾಲಕ್ಕೆ ಅಡ್ಡ ಬಂತು. ಅಡವಿಡಲು ಏನೂ ಇಲ್ಲದವರಿಗೆ ಬ್ಯಾಂಕ್ ಸಾಲ ಕೊಡುತ್ತಾ?

ಇದಕ್ಕೆ ಎರಡು ದಾರಿ ಸಿಕ್ಕಿತು. ಒಂದು, ಮೂಲನಿವಾಸಿ ಸಮುದಾಯಗಳ ಹಣಕಾಸು ಸಂಸ್ಥೆಯಾದ ಫಸ್ಟ್ ನೇಷನ್ಸ್ ಫೈನಾನ್ಸ್ ಅಥಾರಿಟಿ. ಹಲವು ಸಮುದಾಯಗಳು ಒಟ್ಟಾಗಿ ಬಾಂಡ್ (ಹೂಡಿಕೆದಾರರಿಗೆ ಮಾರುವ ಸಾಲಪತ್ರ) ಮೂಲಕ ಸಾಲ ಎತ್ತುತ್ತವೆ. ನಮ್ಮೂರ ಸ್ತ್ರೀಶಕ್ತಿ ಸಂಘ ನೆನಪಾಗುತ್ತದೆ, ಅಲ್ವಾ? ಹೈಸ್ಲಾದವರ ಸಾಲ ಬಂದದ್ದು ಇಲ್ಲಿಂದಲೇ. ಇನ್ನೊಂದು, ಅಲ್ಲಿನ ಕೇಂದ್ರ ಸರ್ಕಾರದ ಜಾಮೀನು. 2024ರ ಬಜೆಟ್‌ನಲ್ಲಿ 500 ಕೋಟಿ ಕೆನಡಿಯನ್ ಡಾಲರ್ ಇದ್ದದ್ದು ಆಮೇಲೆ ದುಪ್ಪಟ್ಟಾಯಿತು. 2025ರಲ್ಲಿ ಮೂವತ್ತಕ್ಕೂ ಹೆಚ್ಚು ಸಮುದಾಯಗಳು ಸೇರಿ ವೆಸ್ಟ್‌ಕೋಸ್ಟ್ ಗ್ಯಾಸ್ ಪೈಪ್‌ಲೈನ್‌ನ ಶೇ 12.5 ಪಾಲು ಕೊಂಡದ್ದು 40 ಕೋಟಿ ಡಾಲರಿನ ಇಂಥ ಜಾಮೀನಿನ ಬಲದಿಂದ.

ಸಾಲ ತೀರುವುದು ಹೇಗೆ? ಹಿಟ್ಟಿನ ಗಿರಣಿ ನೋಡಿದ್ದೀರಲ್ಲ, ರಾಗಿ ನಿಮ್ಮದು, ಗಿರಣಿಯವನಿಗೆ ಬೀಸಿದ ಕೂಲಿ ಅಷ್ಟೇ. ಸೀಡರ್ ಕೂಡ ಹಾಗೇ. ಗ್ಯಾಸ್ ಬೇರೆಯವರದು, ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿಕೊಟ್ಟರೆ ಕೂಲಿ. ಕರಾರು 20 ವರ್ಷದ್ದು. ಹಾಗಾಗಿ ಗ್ಯಾಸ್ ಬೆಲೆ ಬಿದ್ದರೂ ಆದಾಯ ಅಷ್ಟಾಗಿ ಅಲುಗಾಡುವುದಿಲ್ಲ. ನನ್ನ ಪ್ರಕಾರ ಜಾಣತನ ಇರುವುದು ಶೇ 50.1ರಲ್ಲಿ ಅಲ್ಲ, ಈ ಕೂಲಿ ಲೆಕ್ಕದಲ್ಲಿ.

ಆದರೆ ಕಟ್ಟುವಾಗ ಖರ್ಚು ಏರಿದರೆ ಪಾಲುದಾರರ ತಲೆಗೂ ಬರುತ್ತದೆ. ಸೀಡರ್‌ಗೆ ಗ್ಯಾಸ್ ತರುವ ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನ್ 620 ಕೋಟಿ ಕೆನಡಿಯನ್ ಡಾಲರಿನ ಅಂದಾಜಿನಿಂದ ಶುರುವಾಗಿ ಸುಮಾರು 1,450 ಕೋಟಿಗೆ ಮುಟ್ಟಿತು. ಎಲ್ಲರೂ ಒಪ್ಪಿದ್ದಾರೆ ಎಂದೂ ಅಲ್ಲ. ಆ ಪೈಪ್‌ಲೈನ್‌ಗೆ ಮೂಲನಿವಾಸಿಗಳ 20 ಚುನಾಯಿತ ಮಂಡಳಿಗಳು ಸಹಿ ಹಾಕಿದವು. ವೆಟ್ಸುವೆಟೆನ್ ಎಂಬ ಮೂಲನಿವಾಸಿ ಜನರ ವಂಶಪಾರಂಪರ್ಯದ ಮುಖಂಡರು ಮಾತ್ರ ಒಪ್ಪಲಿಲ್ಲ. 2020ರಲ್ಲಿ ಅವರಿಗೆ ಬೆಂಬಲವಾಗಿ ಪ್ರತಿಭಟನಾಕಾರರು ರೈಲು ಹಳಿಗಳನ್ನೇ ತಡೆದರು.

ಇನ್ನು ನಿಮ್ಮ ಹೊಲದ ಮಾತು. ನಮ್ಮಲ್ಲಿ 1962ರ ಪೈಪ್‌ಲೈನ್ ಕಾಯ್ದೆಯಡಿ ಪಡೆಯುವುದು ಬಳಕೆಯ ಹಕ್ಕು ಮಾತ್ರ. ಅದಕ್ಕೆ ಜಾಗದ ಮಾರುಕಟ್ಟೆ ಬೆಲೆಯ ಶೇ 10, ಜೊತೆಗೆ ಬೆಳೆ ಹಾಳಾದದ್ದಕ್ಕೆ ಪರಿಹಾರ. ಪಾಲಿನ ಮಾತೇ ಅದರಲ್ಲಿಲ್ಲ. ಕೆನಡಾದಲ್ಲಿ ಮೂಲನಿವಾಸಿಗಳ ಹಕ್ಕು 1982ರ ಸಂವಿಧಾನದ 35ನೇ ಕಲಂನಲ್ಲೇ ಇದೆ. ಅವರ ಜೊತೆ ಸಮಾಲೋಚಿಸದೆ ಸರ್ಕಾರ ಅನುಮತಿ ಕೊಟ್ಟರೆ ಯೋಜನೆ ಕೋರ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಕಂಪನಿಗಳು ಪಾಲು ಕೊಡಲು ಮುಂದೆ ಬಂದದ್ದು ಈ ಭಯ ಹುಟ್ಟಿದ ಮೇಲೆ.